ನೈಲಾನಾ, ರೇಡಿಯಲ್ಲಾ?

ಮೊನ್ನೆ ಶನಿವಾರ ಬೆಳಿಗ್ಗೆ ಭಾವನ ಫೋನು. ಶಿವಮೊಗ್ಗದ ಯಾವುದೋ ಟೈರ್ ಅಂಗಡಿ ಮುಂದೆ ನಿಂತಿದ್ದರು. "ನೋಡು ಮಾರಾಯ, ಎರಡು ಟೈರು ತೋರಿಸ್ತಿದಾರೆ. ಒಂದಕ್ಕಿಂತ ಇನ್ನೊಂದು ಸಾವಿರದ ಇನ್ನೂರು ರೂಪಾಯಿ ಜಾಸ್ತಿ. ಯಾವ್ದು ಸೇಫು, ಯಾವ್ದು ಬಾಳಿಕೆ ಬರತ್ತೆ, ಯಾವ್ದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ? ಬೇಗ ಹೇಳು, ಹುಡುಗ ಜ್ಯಾಕ್ ಕೊಟ್ಟು ಕೂತಿದಾನೆ."

ನಾನು ಮೆಕ್ಯಾನಿಕ್ಕೂ ಅಲ್ಲ, ಎಂಜಿನಿಯರೂ ಅಲ್ಲ. ಆದರೂ ಮನೆಯಲ್ಲಿ ಟೈರಿನ ವಿಷಯ ಬಂದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಅದೊಂದು ಹಳೇ ಹುಚ್ಚು. ಅದಕ್ಕೆ ಕಾರಣವೂ ಇದೆ, ಹೇಳುತ್ತೇನೆ.

ಇದೇ ಮೂರು ಪ್ರಶ್ನೆಗಳನ್ನು 1991ರಲ್ಲಿ ನಮ್ಮಪ್ಪ ಕೇಳಿದ್ದರು. ಆಗ ನಮ್ಮ ಮನೆಗೆ ಸೆಕೆಂಡ್ ಹ್ಯಾಂಡ್ ಪದ್ಮಿನಿ ಕಾರು ಬಂದು ಎರಡು ವರ್ಷವಾಗಿತ್ತು. ಆ ವರ್ಷ ಅಡಿಕೆಗೆ ಒಳ್ಳೆ ರೇಟು ಸಿಕ್ಕಿತು, ಕಾರಿನ ಟೈರುಗಳು ಬೋಳಾಗಿದ್ದವು. ಪೇಟೆಯ ಅಂಗಡಿಯವರು ಎರಡು ಥರ ತೋರಿಸಿದರು. ಒಂದು ಎಲ್ಲರೂ ಹಾಕುವ ನೈಲಾನ್ ಟೈರು, ಇನ್ನೊಂದು ಹೊಸದಾಗಿ ಜನರ ಬಾಯಲ್ಲಿ ಓಡಾಡುತ್ತಿದ್ದ ರೇಡಿಯಲ್. ರೇಡಿಯಲ್ಲಿಗೆ ಬೆಲೆ ಜಾಸ್ತಿ. ನಾಲ್ಕಕ್ಕೂ ಹಾಕಿಸುವಷ್ಟು ದುಡ್ಡಿರಲಿಲ್ಲ. "ಸ್ಟೇರಿಂಗ್ ಇರೋದು ಮುಂದೆ ಅಲ್ವಾ ಸ್ವಾಮೀ, ಮುಂದಕ್ಕೆ ಎರಡು ರೇಡಿಯಲ್ ಹಾಕಣ, ಹಿಂದಕ್ಕೆ ನೈಲಾನೇ ಸಾಕು" ಅಂದರು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಅಪ್ಪ ಹಾಗೇ ಮಾಡಿಸಿಕೊಂಡು ಬಂದರು.

ಆ ಮಳೆಗಾಲದಲ್ಲಿ ಉಡುಪಿಗೆ ಹೊರಟಿದ್ದೆವು, ಅತ್ತೆ ಮನೆಗೆ. ಆಗುಂಬೆ ಘಾಟಿ ಇಳಿಯುವಾಗ ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಅಪ್ಪ ಸ್ವಲ್ಪ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದರು. ಮುಂಭಾಗ ಚೆನ್ನಾಗಿಯೇ ತಿರುಗಿತು. ಹಿಂಭಾಗ ಮಾತ್ರ, ಯಾರೋ ಬಾಲ ಹಿಡಿದು ಎಳೆದ ಹಾಗೆ, ಹೊರಕ್ಕೆ ಜಾರಿತು. ಕಾರು ಬಂದ ದಾರಿಗೇ ಮುಖ ಮಾಡಿಕೊಂಡು ನಿಂತಿತು. ಹಿಂದಿನ ಬಂಪರು ತಡೆಗೋಡೆಯ ಕಲ್ಲಿಗೆ ತಾಗಿತ್ತು, ಅದರಾಚೆ ಬರೀ ಮಂಜು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಒಂದೂ ಮಾತಾಡಲಿಲ್ಲ. ಅಪ್ಪ ಕೆಳಗಿಳಿದು ಮಳೆಯಲ್ಲಿ ನಿಂತು ಟೈರುಗಳನ್ನು ಒಂದೊಂದಾಗಿ ನೋಡಿದರು. ನಾಲ್ಕೂ ಹೊಸದು, ನಾಲ್ಕರಲ್ಲೂ ಗಾಳಿ ಇತ್ತು. "ತಪ್ಪು ನಂದೇ" ಅಂದರು. ಆಮೇಲೆ ಅವರು ಘಾಟಿಯಲ್ಲಿ ಕಾರು ಓಡಿಸಲೇ ಇಲ್ಲ. ಉಡುಪಿಗೆ ಬಸ್ಸಿನಲ್ಲೇ ಹೋಗುತ್ತಿದ್ದೆವು.

ಇರಲಿ, ಮೊದಲು ಈ ಎರಡು ಟೈರುಗಳ ಕಥೆ ಹೇಳಿಬಿಡುತ್ತೇನೆ.

ಗಾಳಿ ತುಂಬಿದ ಟೈರು ಅಂದ ಕೂಡಲೇ ಡನ್‌ಲಪ್ ಹೆಸರು ಬರುತ್ತದೆ. ಬೆಲ್‌ಫಾಸ್ಟಿನಲ್ಲಿ ದನದ ಡಾಕ್ಟರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಅಂತ ಮಾಡಿದ್ದು, ಪೇಟೆಂಟು ಪಡೆದದ್ದು 1888ರಲ್ಲಿ. ಪಾಪ, ಅದಕ್ಕೂ 43 ವರ್ಷ ಮೊದಲೇ, 1845ರಲ್ಲಿ, ರಾಬರ್ಟ್ ಥಾಮ್ಸನ್ ಅನ್ನುವ ಸ್ಕಾಟ್ಲೆಂಡಿನವನೊಬ್ಬ ಇದೇ ಪೇಟೆಂಟು ಪಡೆದಿದ್ದ ಅಂತ ಆಮೇಲೆ ಗೊತ್ತಾಯಿತು. ಕಾರಿಗೆ ಗಾಳಿ ಟೈರು ಹಾಕಿ ರೇಸಿಗೆ ಇಳಿದವರು ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರು, 1895ರ ಪ್ಯಾರಿಸ್-ಬೋರ್ಡೊ ರೇಸಿನಲ್ಲಿ. ದಾರಿಯುದ್ದಕ್ಕೂ ಪಂಚರ್ರು. ಪಂಚರ್ರಿನ ಆ ಕಾಲವೇ ನಮಗೆ 'ಸ್ಟೆಪ್ನಿ' ಅನ್ನುವ ಪದವನ್ನೂ ಕೊಟ್ಟಿದ್ದು. 1904ರಲ್ಲಿ ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸೋದರರು ಬದಲಿ ಚಕ್ರ ಮಾಡಿ ಮಾರಲು ಶುರುಮಾಡಿದರು. ಇಂಗ್ಲೆಂಡಿನವರು ಆ ಪದವನ್ನು ಯಾವತ್ತೋ ಮರೆತರು, ನಾವು ಇನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇವೆ :)

ಟೈರು ಅಂದರೆ ರಬ್ಬರು ಅಂತ ನಾವಂದುಕೊಳ್ಳುತ್ತೇವೆ. ನಿಜವಾಗಿ ಭಾರ ಹೊರುವುದು ಒಳಗಿನ ಗಾಳಿ, ಆ ಗಾಳಿಯನ್ನು ಬಿಗಿಯಾಗಿ ಹಿಡಿದಿಡುವುದು ದಾರ. ಹೌದು, ದಾರ! ರಬ್ಬರು ರಸ್ತೆಯನ್ನು ಹಿಡಿಯುವುದಕ್ಕೆ ಮತ್ತು ಗಾಳಿ ಸೋರದ ಹಾಗೆ ನೋಡಿಕೊಳ್ಳುವುದಕ್ಕೆ. ಮೊದಮೊದಲು ನೇಯ್ದ ದಪ್ಪ ಬಟ್ಟೆಯನ್ನೇ ಹಾಕುತ್ತಿದ್ದರು. ಹಾಸು ಹೊಕ್ಕು ಎಳೆಗಳು ಒಂದನ್ನೊಂದು ಉಜ್ಜಿ ಉಜ್ಜಿ ತುಂಡಾಗುತ್ತಿದ್ದವು. ಆಮೇಲೆ ನೇಯ್ಗೆ ಬಿಟ್ಟು, ಒಂದೇ ದಿಕ್ಕಿಗೆ ಓಡುವ ದಾರಗಳನ್ನು ರಬ್ಬರಿನಲ್ಲಿ ಅದ್ದಿ ಪದರ ಮಾಡಿದರು. ಒಂದು ಪದರ ಎಡಕ್ಕೆ ಓರೆ, ಅದರ ಮೇಲಿನದು ಬಲಕ್ಕೆ ಓರೆ. ಇದೇ ಕ್ರಾಸ್ ಪ್ಲೈ. ಮೊದಲು ಹತ್ತಿ ದಾರ, ನಂತರ ರೇಯಾನ್, ಎರಡನೇ ಮಹಾಯುದ್ಧದ ನಂತರ ನೈಲಾನ್ ಬಂದವು. ನಮ್ಮಲ್ಲಿ ಆ ದಾರದ ಹೆಸರೇ ಟೈರಿಗೂ ಅಂಟಿಕೊಂಡು 'ನೈಲಾನ್ ಟೈರು' ಆಯಿತು.

ಗಟ್ಟಿ ಅಂದರೆ ಗಟ್ಟಿ ಟೈರು ಅದು, ಸುಳ್ಳು ಹೇಳಬಾರದು. ಆದರೆ ಅದರ ಪಕ್ಕೆಯೂ ನೆತ್ತಿಯೂ ಒಂದೇ ಕಟ್ಟಿನದು. ಭಾರಕ್ಕೆ ಪಕ್ಕೆ ಬಾಗಿದರೆ ರಸ್ತೆ ಮುಟ್ಟುವ ಭಾಗವೂ ಜೊತೆಗೇ ತಿರುಚಿಕೊಳ್ಳುತ್ತದೆ. ಚಕ್ರ ಒಂದೊಂದು ಸುತ್ತು ಉರುಳಿದಾಗಲೂ ರಬ್ಬರು ರಸ್ತೆಯ ಮೇಲೆ ಚೂರು ಚೂರೇ ತೇಯುತ್ತದೆ. ಓರೆ ಪದರಗಳು ಒಂದರ ಮೇಲೊಂದು ಜಗ್ಗಾಡಿ ಬಿಸಿಯಾಗುತ್ತವೆ. ತಿರುವಿನಲ್ಲಿ ಟೈರು ವಾಲಿ ಒಂದು ಅಂಚು ಮೇಲೇಳುತ್ತದೆ. ನೈಲಾನಿಗೆ ಇನ್ನೂ ಒಂದು ಗುಣ. ರಾತ್ರಿಯಿಡೀ ನಿಂತ ಕಾರಿನ ಟೈರು ಅಡಿಯಲ್ಲಿ ಚಪ್ಪಟೆಯಾಗಿ ಹಾಗೇ ಕೂತುಬಿಡುತ್ತದೆ. ಅಂಬಾಸಿಡರ್ ಅಥವಾ ಫಿಯೆಟ್ಟಿನಲ್ಲಿ ಓಡಾಡಿದವರಿಗೆ ನೆನಪಿರಬಹುದು, ಬೆಳಿಗ್ಗೆ ಹೊರಟಾಗ ಮೊದಲ ಒಂದೆರಡು ಕಿಲೋಮೀಟರು ಧಡ್ ಧಡ್ ಧಡ್ ಅನ್ನುತ್ತಿತ್ತಲ್ಲ... ಅದೇ.

ಇನ್ನು ರೇಡಿಯಲ್. ಇದರಲ್ಲಿ ದಾರಗಳು ಓರೆ ಹೋಗುವುದಿಲ್ಲ. ರಿಮ್ಮಿನ ಈ ಅಂಚಿನಿಂದ ಆ ಅಂಚಿಗೆ, ಕೊಡೆಯ ಕಡ್ಡಿಗಳ ಹಾಗೆ, ನೇರ. ಬರೀ ಇಷ್ಟೇ ಆದರೆ ಟೈರು ಲೊಳಕ್ ಲೊಳಕ್ ಅನ್ನುತ್ತದೆ. ಅದಕ್ಕೆ ನೆತ್ತಿಯ ಸುತ್ತ, ರಬ್ಬರಿನ ಅಡಿಯಲ್ಲಿ, ಉಕ್ಕಿನ ತಂತಿಗಳ ಪಟ್ಟಿ. ಎತ್ತಿನಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುವುದಿಲ್ಲವೇ, ಹಾಗೆ. ಈಗ ಪಕ್ಕೆಯ ಕೆಲಸ ಪಕ್ಕೆಗೆ, ನೆತ್ತಿಯ ಕೆಲಸ ನೆತ್ತಿಗೆ. ಪಕ್ಕೆ ಎಷ್ಟು ಬಾಗಿದರೂ ರಸ್ತೆ ಮುಟ್ಟುವ ಭಾಗ ಚಪ್ಪಟೆಯಾಗಿ ಕೂತಿರುತ್ತದೆ. ಸವೆತ ಕಡಿಮೆ, ಬಿಸಿ ಕಡಿಮೆ, ಹಿಡಿತ ಹೆಚ್ಚು.

ಈ ವಿಚಾರ 1910ರ ದಶಕದಲ್ಲೇ ಪೇಟೆಂಟು ಕಾಗದಗಳಲ್ಲಿತ್ತು. ಅದನ್ನು ರಸ್ತೆಗೆ ತಂದ ಕಥೆಯಲ್ಲಿ ನನಗೆ ಇಷ್ಟವಾಗುವ ಮನುಷ್ಯ ಮಾರಿಯುಸ್ ಮಿನ್ಯೋಲ್. ಈತ ಎಂಜಿನಿಯರಿಂಗ್ ಓದಿದವನಲ್ಲ. ಕ್ಲೆರ್ಮೋ-ಫೆರಾಂ ಊರಿನ ಮಿಶೆಲಿನ್ ಕಂಪನಿಗೆ ಸೇರಿದ್ದು ಅವರ ಅಚ್ಚುಕೂಟಕ್ಕೆ. ಹೇಗೋ ಸಂಶೋಧನೆಯ ಕಡೆ ಬಂದ. ಟೈರು ಎಲ್ಲಿ, ಯಾಕೆ ಬಿಸಿಯಾಗುತ್ತದೆ ಅಂತ ಹುಡುಕಲು ಒಂದು ವಿಚಿತ್ರ ಟೈರು ಮಾಡಿದರು. ಪಕ್ಕೆಯ ಪದರಗಳನ್ನು ತೆಗೆದುಹಾಕಿ, ಬದಲಿಗೆ ದೂರ ದೂರಕ್ಕೆ ನೇರವಾಗಿ ನಿಲ್ಲಿಸಿದ ಲೋಹದ ತಂತಿಗಳು. ನೋಡುವುದಕ್ಕೆ ನೊಣ ಹಿಡಿಯುವ ಪಂಜರದ ಹಾಗಿತ್ತಂತೆ, ಹೆಸರೂ 'ನೊಣದ ಪಂಜರ' ಅಂತಲೇ ಆಯಿತು. ಓಡಿಸಿ ನೋಡಿದರೆ ಬಿಸಿ ಎಷ್ಟೋ ಕಡಿಮೆ! ಅಂದರೆ ಶಾಖ ಹುಟ್ಟುತ್ತಿದ್ದದ್ದು ಪಕ್ಕೆಯ ಓರೆ ಪದರಗಳ ಜಗ್ಗಾಟದಲ್ಲಿ. ಇದೆಲ್ಲ ನಡೆದದ್ದು ಯುದ್ಧಕಾಲದಲ್ಲಿ, ಜರ್ಮನರು ಫ್ರಾನ್ಸನ್ನು ಹಿಡಿದಿದ್ದಾಗ, ಗುಟ್ಟಾಗಿ. ಪೇಟೆಂಟು ಅರ್ಜಿ ಹಾಕಿದ್ದು 1946ರ ಜೂನ್ 4ರಂದು. 1949ರಲ್ಲಿ 'ಮಿಶೆಲಿನ್ ಎಕ್ಸ್' ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಮಿಶೆಲಿನ್‌ಗೆ ಇನ್ನೊಂದು ಅನುಕೂಲವಿತ್ತು. ಸಿತ್ರೊಯೆನ್ ಕಾರು ಕಂಪನಿ 1934ರಲ್ಲಿ ದಿವಾಳಿಯಾದಾಗ ಅದು ಇವರ ಕೈಗೆ ಬಂದಿತ್ತು. ಟೈರಿಗೆ ತಕ್ಕ ಕಾರು, ಕಾರಿಗೆ ತಕ್ಕ ಟೈರು ಎರಡನ್ನೂ ಒಂದೇ ಮನೆಯಲ್ಲಿ ಮಾಡಬಹುದಿತ್ತು. 1955ರ ಸಿತ್ರೊಯೆನ್ ಡಿಎಸ್ ಹುಟ್ಟಿದ್ದೇ ರೇಡಿಯಲ್ಲಿನ ಜೊತೆ. ಇಟಲಿಯ ಪಿರೆಲ್ಲಿಯವರೂ ಅದೇ ದಶಕದಲ್ಲಿ ತಮ್ಮ ರೇಡಿಯಲ್ ತಂದರು.

ಹಾಗಾದರೆ ಇಡೀ ಜಗತ್ತು ತಕ್ಷಣ ರೇಡಿಯಲ್ ಹಾಕಿಕೊಂಡಿತಾ? ಇಲ್ಲ. ಕಥೆಯಲ್ಲಿ ನನಗೆ ಸಿಟ್ಟು ಬರುವ ಜಾಗ ಇದು.

ಅಮೆರಿಕದ ದೊಡ್ಡ ಟೈರು ಕಂಪನಿಗಳು ಇಪ್ಪತ್ತು ವರ್ಷ ಇದನ್ನು ದೂರ ಇಟ್ಟವು. ಕಾರಣ ಸರಳ, ರೇಡಿಯಲ್ ಸುಮಾರು ಎರಡು ಪಟ್ಟು ಬಾಳಿಕೆ ಬರುತ್ತಿತ್ತು. ಎರಡು ಪಟ್ಟು ಬಾಳುವ ಸರಕು ಅಂದರೆ ಕೊಳ್ಳುವವನಿಗೆ ಲಾಭ, ಮಾರುವವನಿಗೆ ಅರ್ಧ ವ್ಯಾಪಾರ! ಮೇಲಿಂದ ಹಳೆಯ ಯಂತ್ರಗಳೂ ಇದಕ್ಕೆ ಒಗ್ಗವು, ಕೋಟಿಗಟ್ಟಲೆ ಸುರಿದು ಹೊಸದು ತರಬೇಕು. ಕಾರು ಕಂಪನಿಗಳದೂ ಒಂದು ಕೊರಗು. ಅವರ ಸಸ್ಪೆನ್ಶನ್ನುಗಳು ಮೆತ್ತಗಿನ ಕ್ರಾಸ್ ಪ್ಲೈಗೆ ಹೊಂದಿಸಿದ್ದವು, ರೇಡಿಯಲ್ ಹಾಕಿದರೆ ನಿಧಾನಕ್ಕೆ ಹೋಗುವಾಗ ಒರಟಾಗುತ್ತಿತ್ತು. ಅದಕ್ಕೊಂದು ನಡುದಾರಿ ಹುಡುಕಿದರು. ಓರೆ ಪದರಗಳ ಮೇಲೇ ಒಂದು ಪಟ್ಟಿ ಸುತ್ತಿದ 'ಬಯಾಸ್ ಬೆಲ್ಟೆಡ್' ಟೈರು, 1967ರಿಂದ. ಹಳೆ ಯಂತ್ರದಲ್ಲೇ ಮಾಡಬಹುದಿತ್ತು ನೋಡಿ.

ಈ ಗೋಡೆಯಲ್ಲಿ ಬಿರುಕು ಬಿಟ್ಟದ್ದು 1968ರ ಆಗಸ್ಟಿನಲ್ಲಿ. ಜಾಹೀರಾತು ತೆಗೆದುಕೊಳ್ಳದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ರೇಡಿಯಲ್ಲೇ ಮೇಲು ಅಂತ ಬರೆಯಿತು. 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3 ಕಾರು ಕಾರ್ಖಾನೆಯಿಂದಲೇ ಮಿಶೆಲಿನ್ ರೇಡಿಯಲ್ ಹಾಕಿಕೊಂಡು ಹೊರಬಂತು. 1973ರಲ್ಲಿ ತೈಲದ ಬಿಕ್ಕಟ್ಟು. ಪೆಟ್ರೋಲ್ ಬಂಕಿನಲ್ಲಿ ಮೈಲುದ್ದ ಸಾಲು ನಿಂತ ಜನಕ್ಕೆ ಹಗುರವಾಗಿ ಉರುಳುವ, ಪೆಟ್ರೋಲು ಉಳಿಸುವ ಟೈರು ಬೇಕೇ ಬೇಕಾಯಿತು. ಇನ್ನು ತಡೆಯಲಾಗಲಿಲ್ಲ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಇಪ್ಪತ್ತು ವರ್ಷ ಬೇಡವೆಂದು ಕೂತವರು ಎರಡು ವರ್ಷದಲ್ಲಿ ಕಲಿಯಹೊರಟರು. ಫೈರ್‌ಸ್ಟೋನ್ ಕಂಪನಿ ಹಳೆಯ ಕ್ರಾಸ್ ಪ್ಲೈ ಯಂತ್ರಗಳನ್ನೇ ಅಷ್ಟಿಷ್ಟು ಮಾರ್ಪಡಿಸಿ 'ಫೈರ್‌ಸ್ಟೋನ್ 500' ಎಂಬ ಉಕ್ಕಿನ ಪಟ್ಟಿಯ ರೇಡಿಯಲ್ ಮಾಡಿತು. ಉಕ್ಕಿನ ತಂತಿ ರಬ್ಬರಿಗೆ ಕಚ್ಚಿಕೊಳ್ಳುವುದು ಸುಲಭದ ಮಾತಲ್ಲ. ತಂತಿಗೆ ಹಿತ್ತಾಳೆಯ ಲೇಪ ಕೊಡಬೇಕು, ತೇವ ತಾಗದಂತೆ ಕಾಯಬೇಕು, ಬೇಯಿಸುವ ಹದ ಸರಿಯಿರಬೇಕು. ಒಂದು ತಪ್ಪಿದರೂ ವೇಗದ ಬಿಸಿಯಲ್ಲಿ ನೆತ್ತಿಯ ಪಟ್ಟಿ ಸಿಪ್ಪೆ ಸುಲಿದ ಹಾಗೆ ಕಿತ್ತು ಬರುತ್ತದೆ. ಬಂತು ಕೂಡ, ಹೆದ್ದಾರಿಗಳಲ್ಲಿ. ಜನ ಸತ್ತರು. ಪಟ್ಟಿಯ ಅಂಚು ಬಿಟ್ಟುಕೊಳ್ಳುತ್ತದೆ ಅಂತ ಕಂಪನಿಯ ಒಳಗಿನವರೇ 1972ರಲ್ಲಿ ಬರೆದು ಎಚ್ಚರಿಸಿದ್ದರು ಅನ್ನುವುದು ನಂತರ ಹೊರಬಿತ್ತು. ಅಷ್ಟು ದಿನ ಹೊರಗೆ ಹೇಳುತ್ತಿದ್ದದ್ದು ಬೇರೆ: ಗ್ರಾಹಕರು ಸರಿಯಾಗಿ ಗಾಳಿ ಹಾಕಿಸುತ್ತಿಲ್ಲ, ತಪ್ಪು ಅವರದೇ! 1978ರಲ್ಲಿ ಸರಕಾರದ ಒತ್ತಡಕ್ಕೆ ಮಣಿದು ದಶಲಕ್ಷಗಟ್ಟಲೆ ಟೈರು ವಾಪಸು ತೆಗೆದುಕೊಂಡರು. ಕಂಪನಿ ಅದರಿಂದ ಚೇತರಿಸಿಕೊಳ್ಳಲೇ ಇಲ್ಲ, 1988ರಲ್ಲಿ ಜಪಾನಿನ ಬ್ರಿಜ್‌ಸ್ಟೋನ್ ಕೊಂಡುಕೊಂಡಿತು.

ಅದೇ ಹೆಸರಿಗೆ 2000ದಲ್ಲಿ ಮತ್ತೆ ಅದೇ ಗತಿ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯ ಟೈರುಗಳು ನೆತ್ತಿ ಕಿತ್ತು, ಗಾಡಿ ಪಲ್ಟಿ ಹೊಡೆದು 270ಕ್ಕೂ ಹೆಚ್ಚು ಜನ ಸತ್ತರು. 65 ಲಕ್ಷ ಟೈರು ವಾಪಸು. ಈ ಸಲ ಜಗಳ ಗಾಳಿಯ ಲೆಕ್ಕದ ಮೇಲೆ. ಫೋರ್ಡ್ ಹೇಳಿದ್ದು 26 ಪೌಂಡು, ಟೈರಿನವರು ಹೇಳಿದ್ದು 30. ಗಾಡಿ ಸರಿ ಇಲ್ಲ ಅಂತ ಇವರು, ಟೈರು ಸರಿ ಇಲ್ಲ ಅಂತ ಅವರು. ಈಗ ಹೊಸ ಕಾರುಗಳಲ್ಲಿ ಟೈರಿನ ಗಾಳಿ ಕಡಿಮೆಯಾದರೆ ದೀಪ ಹತ್ತುತ್ತದಲ್ಲ, ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು ಈ ಸಾವುಗಳ ನಂತರ ಬಂದ ಕಾನೂನಿನಿಂದ.

ಎರಡು ಟೈರು ಪಕ್ಕಪಕ್ಕ ಇಟ್ಟು ಹೋಲಿಸುವ ಅಧಿಕೃತ ಕ್ರಮವೂ ಅಮೆರಿಕದ್ದೇ. ಟೆಕ್ಸಾಸಿನ ಸ್ಯಾನ್ ಏಂಜೆಲೊ ಊರಿನ ಸುತ್ತ ಸುಮಾರು 400 ಮೈಲಿಯ ದಾರಿಯಲ್ಲಿ ಪರೀಕ್ಷೆಯ ಟೈರನ್ನೂ ಒಂದು ಮಾದರಿ ಟೈರನ್ನೂ 7,200 ಮೈಲಿ ಓಡಿಸಿ ಸವೆತ ಅಳೆಯುತ್ತಾರೆ. ಮಾದರಿಗೆ 100 ಅಂದರೆ ಅದರ ಮೂರು ಪಟ್ಟು ಬಾಳುವುದಕ್ಕೆ 300. ಒದ್ದೆ ರಸ್ತೆಯ ಹಿಡಿತಕ್ಕೂ ಬಿಸಿ ತಡೆಯುವುದಕ್ಕೂ ಬೇರೆ ಬೇರೆ ಗ್ರೇಡು. ನಮ್ಮಲ್ಲಿ ಮಾರುವ ಕೆಲವು ಟೈರುಗಳ ಪಕ್ಕೆಯಲ್ಲೂ ಈ ಅಂಕಿಗಳು ಕಾಣುತ್ತವೆ, ನಿಮ್ಮ ಕಾರಿನದನ್ನು ಬಗ್ಗಿ ನೋಡಿ. ಆದರೆ ಅಂಕಿಯನ್ನು ಕೊನೆಗೆ ಬರೆದುಕೊಳ್ಳುವುದು ಕಂಪನಿಯೇ, ಹಾಗಾಗಿ ಒಂದು ಕಂಪನಿಯ 300 ಇನ್ನೊಂದರ 300ಕ್ಕೆ ಸಮ ಅಂತ ನಾನಂತೂ ನಂಬುವುದಿಲ್ಲ. ಹಿಡಿತದ ಪರೀಕ್ಷೆಯೂ ನೇರ ದಾರಿಯ ಬ್ರೇಕಿನದ್ದು ಮಾತ್ರ. ತಿರುವಿನದ್ದಲ್ಲ. ಘಾಟಿಯಂತೂ ಅಲ್ಲವೇ ಅಲ್ಲ.

ಇನ್ನು ನಮ್ಮಲ್ಲಿಗೆ. ಇಲ್ಲಿ ಮೊದಲ ರೇಡಿಯಲ್ ಟೈರು ಮಾಡಿದ್ದು ಜೆಕೆ ಕಂಪನಿ, 1977ರಲ್ಲಿ. ತಂದರೇನು, ಕೇಳುವವರು ಯಾರು? ಅಂಬಾಸಿಡರಿಗೆ 5.90-15, ಪದ್ಮಿನಿಗೆ 5.20-14 ನೈಲಾನ್ ಟೈರು ಅಂಗಡಿಯ ಹುಡುಗರಿಗೂ ಬಾಯಿಪಾಠ. ಕಲ್ಲು ಚುಚ್ಚುವ ರಸ್ತೆಗೆ ದಪ್ಪ ಪಕ್ಕೆಯ ನೈಲಾನೇ ಗಟ್ಟಿ, ರೇಡಿಯಲ್ಲಿನದು ತೆಳು ಪಕ್ಕೆ, ಹರಿದರೆ ಎಸೆಯಬೇಕು ಅನ್ನುತ್ತಿದ್ದರು. ಅದರಲ್ಲಿ ಸುಳ್ಳಿಲ್ಲ. ಹೇರಿದ್ದಕ್ಕಿಂತ ಹೆಚ್ಚು ಹೇರುವ ಲಾರಿಯವರು ನೈಲಾನನ್ನೇ ರಿಸೋಲ್ ಮಾಡಿಸಿ ಮಾಡಿಸಿ ಓಡಿಸಿದರು, ಅವರ ಲೆಕ್ಕದಲ್ಲಿ ಅದೇ ಲಾಭ. ಕಾರಿಗೆ ರೇಡಿಯಲ್ ಬಂದದ್ದು 1983ರ ಕೊನೆಗೆ ಮಾರುತಿ ಬಂದು ರಸ್ತೆಯ ವೇಗವೇ ಬದಲಾದ ನಂತರ, ಅದೂ ನಿಧಾನಕ್ಕೆ. ಲಾರಿ-ಬಸ್ಸುಗಳಿಗೆ ಇನ್ನೂ ತಡ. ಮೈಸೂರಿನ ವಿಕ್ರಾಂತ್ ಟೈರ್ಸ್ ನೆನಪಿದೆಯಾ? 1997ರಲ್ಲಿ ಅದು ಜೆಕೆಯವರ ಕೈಗೆ ಹೋಯಿತು, ಲಾರಿ-ಬಸ್ಸಿನ ರೇಡಿಯಲ್ಲುಗಳು ಆಮೇಲೆ ಅಲ್ಲೇ ತಯಾರಾದವು.

ರೇಡಿಯಲ್ಲಿನ ಪಕ್ಕೆ ಗಾಳಿ ಸರಿಯಿದ್ದರೂ ಸ್ವಲ್ಪ ಉಬ್ಬಿ ಕಾಣುತ್ತದೆ. ನಮ್ಮ ಪದ್ಮಿನಿ ನಿಂತಲ್ಲೆಲ್ಲ ಜನ "ಮುಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ ನೋಡಿ" ಅನ್ನುತ್ತಿದ್ದರು. ಅಪ್ಪ ಪ್ರತಿ ಸಲವೂ ಪಂಚರ್ ಅಂಗಡಿಗೆ ಹೋಗಿ ನೋಡಿಸುತ್ತಿದ್ದರು. ಅಷ್ಟು ಜಾಗ್ರತೆಯ ಮನುಷ್ಯ.

ಆಗುಂಬೆಯಲ್ಲಿ ಏನಾಯಿತು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಬ್ರಿಟನ್ನಿನ ವಾಹನ ನಿಯಮಗಳ ಬಗ್ಗೆ ಏನೋ ಓದುತ್ತಿದ್ದಾಗ. ಮುಂದೆ ರೇಡಿಯಲ್, ಹಿಂದೆ ಕ್ರಾಸ್ ಪ್ಲೈ ಹಾಕಿ ಕಾರು ಓಡಿಸುವುದು ಅಲ್ಲಿ ಕಾನೂನಿಗೇ ವಿರುದ್ಧ. ಕಾರಣ ತಿಳಿದರೆ ಮೈ ಜುಂ ಅನ್ನುತ್ತದೆ. ತಿರುವಿನಲ್ಲಿ ಮುಂದಿನ ರೇಡಿಯಲ್ಲುಗಳು ರಸ್ತೆಯನ್ನು ಬಿಗಿಯಾಗಿ ಹಿಡಿದು ಮೂತಿಯನ್ನು ಚಕ್ಕನೆ ತಿರುಗಿಸುತ್ತವೆ. ಹಿಂದಿನ ನೈಲಾನಿಗೆ ಅಷ್ಟು ಹಿಡಿತ ಇಲ್ಲ, ಅದು ಹೊರಕ್ಕೆ ಜಾರುತ್ತದೆ. ಇಳಿಜಾರು, ಮೇಲಿಂದ ಬ್ರೇಕು, ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರ, ಜೊತೆಗೆ ಮಳೆ... ಇನ್ನೇನು ಬೇಕು? ನಾಲ್ಕೂ ನೈಲಾನ್ ಇದ್ದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ, ನಾಲ್ಕೂ ರೇಡಿಯಲ್ ಇದ್ದಿದ್ದರಂತೂ ಇಲ್ಲವೇ ಇಲ್ಲ. ಹೆಚ್ಚು ಸುರಕ್ಷಿತ ಅಂತ ಹೆಚ್ಚು ದುಡ್ಡು ಕೊಟ್ಟು ತಂದ ಆ ಎರಡು ಟೈರುಗಳೇ ನಮ್ಮನ್ನು ತಿರುಗಿಸಿ ನಿಲ್ಲಿಸಿದ್ದು. ಅಂಗಡಿಯವರನ್ನು ಬೈಯಲೂ ಮನಸ್ಸಾಗುವುದಿಲ್ಲ, ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಇದನ್ನು ಓದಿದ ಹೊತ್ತಿಗೆ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಕೊನೆಯವರೆಗೂ ಆ ತಿರುವಿನ ಮಾತು ಬಂದರೆ "ಅವತ್ತು ನಾನು ಕೊಲ್ತಿದ್ದೆ ನಿಮ್ಮನ್ನೆಲ್ಲ" ಅನ್ನುತ್ತಿದ್ದರು. ಅಮ್ಮನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅವರಿಗೆ ಯಾರಾದ್ರೂ ಹೇಳಿದ್ರೆ ಆಗ್ತಿತ್ತು" ಅಂದರು ಅಷ್ಟೆ.

ಭಾವ ಇನ್ನೂ ಲೈನಿನಲ್ಲೇ ಇದ್ದರು. ಎರಡೂ ಟೈರಿನ ಪಕ್ಕೆಯ ಮೇಲೆ ಅಚ್ಚಾದ ನಾಲ್ಕು ಅಂಕಿ ಓದಿ ಅಂದೆ. ಮೊದಲೆರಡು ವಾರ, ಕೊನೆಯೆರಡು ವರ್ಷ, ಅದು ತಯಾರಾದ ದಿನದ ಲೆಕ್ಕ. ರಬ್ಬರು ಗೋಡೌನಿನಲ್ಲಿ ಕೂತಿದ್ದರೂ ಮುದಿಯಾಗುತ್ತದೆ. ಕಡಿಮೆ ಬೆಲೆಯದು ನಾಲ್ಕು ವರ್ಷ ಹಳೆಯದು, ಜಾಸ್ತಿಯದು ಈ ವರ್ಷದ್ದೇ. ಅಲ್ಲಿಗೆ ಸಾವಿರದ ಇನ್ನೂರರ ಪ್ರಶ್ನೆ ಮುಗಿಯಿತು.

"ಸರಿ, ಎರಡು ತಗೋತೀನಿ. ಮುಂದಕ್ಕೆ ಹಾಕ್ಸಿ ಬಿಡ್ತೀನಿ, ಹಿಂದಿನವು ಇನ್ನೊಂದು ವರ್ಷ ನಡೀತಾವೆ."

"ಬೇಡ ಭಾವ, ಹೊಸದು ಎರಡೂ ಹಿಂದಕ್ಕೆ ಹಾಕ್ಸಿ. ಹಿಂದಿನವನ್ನ ಮುಂದಕ್ಕೆ ತರ್ಸಿ."

"ಎಂಜಿನ್ ಮುಂದೆ, ಸ್ಟೇರಿಂಗ್ ಮುಂದೆ, ಹಿಂದಕ್ಕೆ ಹಾಕ್ಸು ಅಂತೀಯಲ್ಲ ಮಾರಾಯ! ಇಲ್ಲಿ ಹುಡುಗ ನಗ್ತಿದಾನೆ."

"ನಗ್ಲಿ ಬಿಡಿ" ಅಂದು ಆಗುಂಬೆಯ ತಿರುವಿನ ಕಥೆ ಹೇಳಿದೆ. ಕಾರು ತಿರುಗಿ ನಿಂತ ವಿಷಯ ಅಕ್ಕ ಹೇಳಿದ್ದಳಂತೆ, ಟೈರಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಬರೀ ಅಂಗಡಿಯ ಗಾಳಿ ಯಂತ್ರದ ಸದ್ದು. ಆಮೇಲೆ ಭಾವ ಹುಡುಗನಿಗೆ ಹೇಳಿದ್ದು ಫೋನಿನಲ್ಲಿ ಕೇಳಿಸಿತು, "ಏ ತಮ್ಮಾ, ಜ್ಯಾಕ್ ಹಿಂದಕ್ಕೆ ಹಾಕು."